ಹೊಳೆಯಿಂದ ಹೊಂಡಕ್ಕೆ: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಪರಿಸರದಲ್ಲಿ ಮೀನು ಕೃಷಿಯ ಬೆಳವಣಿಗೆ

ಪ್ರವೇಶ

ವಿಜಯಪುರ ಜಿಲ್ಲೆಯನ್ನು ಕುರಿತ ಚರಿತ್ರೆಯ ಬರವಣಿಗೆ ಬಹುಮಟ್ಟಿಗೆ ಶಾಸನ, ಸ್ಮಾರಕ, ರಾಜವಂಶ ಹಾಗೂ ಶರಣ ಪರಂಪರೆಗಳ ಸುತ್ತ ಬೆಳೆದಿದೆ. ಆರ್ಥಿಕ ಚರಿತ್ರೆಯ ಮಾತು ಬಂದಾಗ ಜೋಳ, ಹತ್ತಿ, ಕುಸುಬೆಗಳ ಜೊತೆಗೆ ಬರಗಾಲದ ಪ್ರಸ್ತಾಪ ಬರುತ್ತದೆ. ಮೀನಿನ ಮಾತು ಬರುವುದು ವಿರಳ. ಬರಪೀಡಿತವೆಂದೇ ಹೆಸರಾದ, ವರ್ಷಕ್ಕೆ ಸರಾಸರಿ 600 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಈ ನೆಲದಲ್ಲಿ ಮೀನು ಕೃಷಿಗೆ ಚರಿತ್ರೆಯಾದರೂ ಎಲ್ಲಿಯದು ಎಂಬ ಪ್ರಶ್ನೆ ಸಹಜವೇ. ಆದರೆ ಜಿಲ್ಲೆಯ ಉತ್ತರದ ಅಂಚಿನಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ, ನಡುವೆ ಡೋಣಿ ಹರಿಯುತ್ತವೆ. ಇಂಡಿ ಮತ್ತು ಸಿಂದಗಿಗಳು ಭೀಮಾತೀರದ ತಾಲ್ಲೂಕುಗಳಾದರೆ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳು ಕೃಷ್ಣಾತೀರದವು. ಇತ್ತೀಚಿನ ವರ್ಷಗಳಲ್ಲಿ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಪ್ರತ್ಯೇಕ ತಾಲ್ಲೂಕುಗಳಾಗಿವೆಯಾದರೂ ಚರಿತ್ರೆಯ ಅಧ್ಯಯನಕ್ಕೆ ಹಳೆಯ ನಾಲ್ಕು ತಾಲ್ಲೂಕುಗಳ ಚೌಕಟ್ಟೇ ಅನುಕೂಲಕರವಾದುದು.

ಈ ಪರಿಸರದಲ್ಲಿ ಮೀನು ‘ಹಿಡಿಯುವ’ ಕಾಯಕ ಮೀನು ‘ಬೆಳೆಸುವ’ ಉದ್ಯಮವಾಗಿ ಮಾರ್ಪಟ್ಟ ಬಗೆಯನ್ನು ಜಗತ್ತಿನ ಮೀನು ಕೃಷಿಯ ಬೆಳವಣಿಗೆಯ ಹಿನ್ನೆಲೆಯಲ್ಲಿ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಮಾರ್ಪಾಡಿನಲ್ಲಿ ನೀರಿನ ಮೇಲಣ ಹಕ್ಕು ಯಾರಿಂದ ಯಾರಿಗೆ ಸಾಗಿತು ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆಯಾಗಿದೆ.

ಹೊಳೆ, ಕೆರೆ ಮತ್ತು ಬಲೆ

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಈ ಭೂಭಾಗ ತರ್ದವಾಡಿ ಸಾಸಿರವೆಂಬ ಆಡಳಿತ ವಿಭಾಗಕ್ಕೆ ಸೇರಿತ್ತು. ಆ ಹೆಸರನ್ನು ಉಳಿಸಿಕೊಂಡಿರುವ ತದ್ದೇವಾಡಿಯು ಭೀಮೆಯ ದಂಡೆಯಲ್ಲಿದೆ. ಈ ನಾಡಿನ ಅರಸನಾಗಿದ್ದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೂರನೆಯ ದಶಕದ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಸಂಸ್ಕೃತ ಕೃತಿಯಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವಿದೆ. ಅದರಲ್ಲಿ ಸುಮಾರು 35 ಬಗೆಯ ಮೀನುಗಳ ಪ್ರಸ್ತಾಪವಿದ್ದು, ಸಮುದ್ರದವು, ಸಿಹಿನೀರಿನವು, ಪೊರೆಯುಳ್ಳವು, ಪೊರೆಯಿಲ್ಲದವು ಎಂಬ ವಿಂಗಡಣೆಯನ್ನು ಮಾಡಲಾಗಿದೆ. ಯಾವ ಮೀನಿಗೆ ಯಾವ ಆಹಾರವನ್ನು ಒಡ್ಡಬೇಕು, ಗಾಳದ ದಾರವನ್ನು ಹೇಗೆ ಸಿದ್ಧಪಡಿಸಬೇಕು ಎಂಬ ವಿವರಗಳೂ ಇವೆ. ಮೀನುಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಭಾಗವನ್ನು ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿ ವಿದ್ವತ್ ಲೋಕದ ಗಮನಕ್ಕೆ ತಂದರು. ಗ್ರಂಥದ ಉದ್ದೇಶ ಅರಸನ ವಿನೋದವಾದರೂ ಅದರ ಹಿಂದಿರುವ ತಿಳಿವಳಿಕೆ ಅರಮನೆಯಲ್ಲಿ ಹುಟ್ಟಿದುದಲ್ಲ. ಮೀನಿನ ಚಲನವಲನ, ಆಹಾರ, ವಾಸಸ್ಥಾನಗಳನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲವರು ಹೊಳೆಯ ದಂಡೆಯ ಜನರೇ ಆಗಿದ್ದಿರಬೇಕು.

ಅದೇ ಶತಮಾನದಲ್ಲಿ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ನೇತೃತ್ವದ ಚಳವಳಿಯಲ್ಲಿ ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯ ವಚನಕಾರನಾಗಿ ಎದ್ದು ನಿಂತುದು ಗಮನಾರ್ಹ. ಶರಣಧರ್ಮ ಹಾಗೂ ಜೈನಧರ್ಮಗಳ ಪ್ರಭಾವದಿಂದ ಈ ಭಾಗದ ಬಹುಸಂಖ್ಯಾತರ ಊಟದಲ್ಲಿ ಮೀನಿಗೆ ಸ್ಥಾನ ದೊರೆಯಲಿಲ್ಲ. ಆದರೂ ನೀರಿನೊಡನೆ ಬದುಕುವ ಅಂಬಿಗ, ಕಬ್ಬಲಿಗ, ಕೋಲಿ ಮೊದಲಾದ ಸಮುದಾಯಗಳು ಊರ ವ್ಯವಸ್ಥೆಯಲ್ಲಿ ಅನಿವಾರ್ಯವಾಗಿದ್ದವು. ಮಳೆಗಾಲದಲ್ಲಿ ಹರಗೋಲು ಹಾಕಿ ಜನರನ್ನು ದಾಟಿಸುವುದು, ಹೊಳೆ ಇಳಿದ ಮೇಲೆ ಮಡುವುಗಳಲ್ಲಿ ಬೀಸುಬಲೆ, ಗಾಳ, ಕೂಳಿಗಳಿಂದ ಮೀನು ಹಿಡಿಯುವುದು ಇವರ ವರ್ಷಚಕ್ರವಾಗಿತ್ತು. ಬೇಸಿಗೆಯಲ್ಲಿ ಹೊಳೆ ತುಂಡುತುಂಡಾಗಿ ನಿಂತಾಗ ಮಡುವುಗಳೇ ಮೀನಿನ ಆಶ್ರಯ. ಮುಂದಿನ ಮಳೆಗಾಲದ ಸಂತತಿಗೆ ಅವೇ ಆಧಾರ. ಕೊರವ, ಬಾಳೆ, ಗೆಂಡೆಗಳು ಮನೆಬಳಕೆಗೆ ಹಾಗೂ ಸಮೀಪದ ಸಂತೆಗೆ ಸಾಕಾಗುತ್ತಿದ್ದವು. ಇಲ್ಲಿ ಬಿತ್ತನೆಯ ಕಲ್ಪನೆ ಇರಲಿಲ್ಲ. ಹೊಳೆಯೇ ಬಿತ್ತುತ್ತಿತ್ತು, ಮನುಷ್ಯ ಕೊಯ್ಯುತ್ತಿದ್ದ.

ಆದಿಲಶಾಹಿಗಳ ಕಾಲದ ನೀರಿನ ಕಾಮಗಾರಿಗಳು ಪ್ರಸಿದ್ಧವಾದವು. ಮಮದಾಪುರದ ವಿಶಾಲ ಕೆರೆ ಮತ್ತು ಕುಮಟಗಿಯ ಜಲವಿಹಾರ ಇದಕ್ಕೆ ನಿದರ್ಶನ. ಆದರೆ ಈ ಕೆರೆಗಳನ್ನು ಕಟ್ಟಿದ್ದು ಕುಡಿಯುವ ನೀರು, ನೀರಾವರಿ ಹಾಗೂ ವಿಹಾರಕ್ಕಾಗಿ. ಮೀನು ಅವುಗಳ ಉಪಫಲ ಮಾತ್ರ. ಜಲಾಶಯಗಳಲ್ಲಿಯ ಮೀನಿನ ಮೇಲೆ ರಾಜನಿಗೆ ಒಡೆತನವುಂಟೆಂದು ಕೌಟಿಲ್ಯನ ಅರ್ಥಶಾಸ್ತ್ರವು ಬಹು ಹಿಂದೆಯೇ ಹೇಳಿದ್ದರೂ, ಮೀನಿಗೆ ದೊಡ್ಡ ಮಾರುಕಟ್ಟೆಯಿಲ್ಲದ ಕಡೆ ಅಂತಹ ಒಡೆತನಕ್ಕೆ ಹೆಚ್ಚಿನ ಅರ್ಥವಿರಲಿಲ್ಲ. ಅರ್ಥ ಬಂದುದು ಇಪ್ಪತ್ತನೆಯ ಶತಮಾನದಲ್ಲಿ.

ವಸಾಹತು ಕಾಲದ ಗಣತಿ

ಮುಂಬಯಿ ಸರಕಾರದ ಅಂಕಿಅಂಶಗಳ ಅಧಿಕಾರಿಯಾಗಿದ್ದ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ದಖನ್ನಿನ ಮೀನುಗಳನ್ನು ಕುರಿತು 1839ರ ಸುಮಾರಿಗೆ ಪ್ರಕಟಿಸಿದ ಬರಹವು ಭೀಮಾ ಕಣಿವೆಯ ಮೀನುಗಳ ಮೊದಲ ವೈಜ್ಞಾನಿಕ ದಾಖಲೆಗಳಲ್ಲೊಂದು. ದಖನ್ನಿನ ಮಹಶೀರ್ ಎಂದು ಹೆಸರಾದ ದೊಡ್ಡ ಮೀನನ್ನು ಆತ ವರ್ಣಿಸಿದ್ದು ಭೀಮೆಯ ಉಪನದಿಯಾದ ಮುಳಾ-ಮುಠಾ ನದಿಯಿಂದ. ಕೋಲಸ್, ಖಡ್ರಿ, ಪೊಟೇಲ್ ಎಂದು ಮುಂತಾಗಿ ಸ್ಥಳೀಯ ಬೆಸ್ತರ ಬಾಯಿಂದ ಕೇಳಿದ ಹೆಸರುಗಳನ್ನೇ ಆತ ಶಾಸ್ತ್ರೀಯ ನಾಮಗಳಿಗೆ ಬಳಸಿದ್ದಾನೆ. ಹೀಗೆ ಭೀಮಾ ಕಣಿವೆಯ ಬಲೆಗಾರರ ಮಾತು ಜಾಗತಿಕ ವಿಜ್ಞಾನದ ಪರಿಭಾಷೆಯಲ್ಲಿ ಉಳಿದುಕೊಂಡಿತು. ಅದರ ಕರ್ತೃಗಳ ಹೆಸರು ಮಾತ್ರ ಉಳಿಯಲಿಲ್ಲ.

1897ರಲ್ಲಿ ಭಾರತೀಯ ಮೀನುಗಾರಿಕಾ ಕಾಯ್ದೆ ಜಾರಿಗೆ ಬಂದಿತು. ಸಿಡಿಮದ್ದು ಹಾಗೂ ವಿಷ ಬಳಸಿ ಮೀನು ಹಿಡಿಯುವುದನ್ನು ಅದು ನಿಷೇಧಿಸಿತು. ಮದ್ರಾಸ್ ಪ್ರಾಂತದಲ್ಲಿ ಸರ್ ಫ್ರೆಡರಿಕ್ ನಿಕಲ್ಸನ್ ಅವರ ಪ್ರಯತ್ನದಿಂದ 1907ರಲ್ಲಿ ಮೀನುಗಾರಿಕಾ ಬ್ಯೂರೊ ಆರಂಭವಾಯಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬಿಜಾಪುರದಂತಹ ಒಳನಾಡಿನ ಜಿಲ್ಲೆಯಲ್ಲಿ ಆಡಳಿತದ ಲಕ್ಷ್ಯವೆಲ್ಲ 1876-78ರ ಭೀಕರ ಬರದ ಬಳಿಕ ಕೆರೆ-ಕಾಮಗಾರಿಗಳ ಹಾಗೂ ಬರಪರಿಹಾರದ ಕಡೆಗಿತ್ತು.

1957: ಬಿತ್ತನೆಯ ಬಿಡುಗಡೆ

ಮೀನು ಸಾಕಣೆ ಹೊಸದೇನಲ್ಲ. ಚೀನದಲ್ಲಿ ಕ್ರಿಸ್ತಪೂರ್ವ ಐದನೆಯ ಶತಮಾನದ ಫಾನ್ ಲಿ ಎಂಬಾತನ ಹೆಸರಿನಲ್ಲಿ ಗೆಂಡೆ ಮೀನಿನ ಸಾಕಣೆಯ ಕೈಪಿಡಿಯೊಂದು ಪ್ರಚಲಿತವಾಗಿದೆ. ಬಂಗಾಳದ ಮನೆಯಂಗಳದ ಕೊಳಗಳಲ್ಲಿ ಕಾಟ್ಲಾ, ರೋಹು, ಮೃಗಾಲ್‌ಗಳನ್ನು ಬೆಳೆಸುವ ರೂಢಿಯೂ ಹಳೆಯದು. ಆದರೆ ಈ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಪ್ರವಾಹ ಬಂದ ಹೊಳೆಯಲ್ಲಿ ಮಾತ್ರ ಅವುಗಳ ಸಂತಾನೋತ್ಪತ್ತಿ. ಆದ್ದರಿಂದ ಮಳೆಗಾಲದಲ್ಲಿ ಗಂಗಾ ಬಯಲಿನ ಹೊಳೆಗಳಿಂದ ಮರಿಗಳನ್ನು ಸೋಸಿ, ಡಬ್ಬಿಗಳಲ್ಲಿ ತುಂಬಿ, ರೈಲಿನಲ್ಲಿ ದೂರದೂರುಗಳಿಗೆ ಸಾಗಿಸಬೇಕಾಗಿತ್ತು. ದಾರಿಯಲ್ಲಿ ಬಹಳಷ್ಟು ಮರಿಗಳು ಸಾಯುತ್ತಿದ್ದವು. ಬದುಕಿದವುಗಳಲ್ಲಿ ಬೇಡದ ಜಾತಿಯ ಮರಿಗಳೂ ಬೆರೆತಿರುತ್ತಿದ್ದವು. ಕೃಷ್ಣಾ-ಭೀಮೆಗಳ ನಾಡಿನಲ್ಲಿ ಮೀನು ಕೃಷಿ ತಡವಾಗಿ ಬೇರೂರಿದ್ದಕ್ಕೆ ಬಿತ್ತನೆಯ ಈ ದೂರವೇ ಒಂದು ಮುಖ್ಯ ಕಾರಣವೆನ್ನಬಹುದು.

ಈ ಬಂಧನವನ್ನು ಬಿಡಿಸಿದ್ದು 1957ರ ಜುಲೈ 10ರಂದು ಒಡಿಶಾದಲ್ಲಿ ನಡೆದ ಪ್ರಯೋಗ. ಕೇಂದ್ರೀಯ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕಟಕ್ ವಿಭಾಗದ ಹೀರಾಲಾಲ ಚೌಧುರಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ತಾಯಿ ಮೀನುಗಳಿಗೆ ಚುಚ್ಚಿ ನಿಂತ ನೀರಿನಲ್ಲಿಯೇ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದರು. ಆ ದಿನವನ್ನು ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸಲಾಗುತ್ತಿದೆ. ಇದಾದ ಬಳಿಕ ಬಿತ್ತನೆ ಮೀನು ಹೊಳೆಯ ಕೃಪೆಯನ್ನು ಕಾಯಬೇಕಾಗಲಿಲ್ಲ, ಕೇಂದ್ರವೊಂದರಲ್ಲಿ ತಯಾರಾಗುವ ವಸ್ತುವಾಯಿತು. 1959ರಲ್ಲಿ ಬೆಳ್ಳಿಗೆಂಡೆ ಮತ್ತು ಹುಲ್ಲುಗೆಂಡೆಗಳು ಹೊರದೇಶಗಳಿಂದ ಬಂದವು. 1971ರಿಂದ ಮಿಶ್ರ ಮೀನು ಸಾಕಣೆಯ ಅಖಿಲ ಭಾರತ ಯೋಜನೆ ನಡೆಯಿತು. ಕೊಳದ ಮೇಲ್ಪದರದಲ್ಲಿ ಕಾಟ್ಲಾ ಮತ್ತು ಬೆಳ್ಳಿಗೆಂಡೆ, ನಡುವೆ ರೋಹು, ತಳದಲ್ಲಿ ಮೃಗಾಲ್ ಮತ್ತು ಸಾಮಾನ್ಯ ಗೆಂಡೆ, ಜಲಸಸ್ಯಗಳಿಗೆ ಹುಲ್ಲುಗೆಂಡೆ, ಹೀಗೆ ನೀರಿನ ಪ್ರತಿಯೊಂದು ಪದರದ ಆಹಾರವನ್ನೂ ಬಳಸಿಕೊಳ್ಳುವುದು ಈ ಪದ್ಧತಿಯ ತಿರುಳು. ಸುಣ್ಣ, ಸಗಣಿಗೊಬ್ಬರ, ಶೇಂಗಾ ಹಿಂಡಿ, ಅಕ್ಕಿ ತೌಡು ಇದರ ಒಳಸುರಿಗಳು. 1970ರ ದಶಕದ ಆರಂಭದಲ್ಲಿ ದೇಶದ ಕೊಳಗಳ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 600 ಕಿಲೊ ಇದ್ದುದು ಈಗ ಅದರ ಹಲವು ಪಟ್ಟಾಗಿದೆ. 1973-74ರಿಂದ ಸ್ಥಾಪಿತವಾದ ಮೀನು ಕೃಷಿಕರ ಅಭಿವೃದ್ಧಿ ಸಂಸ್ಥೆಗಳು ಈ ತಂತ್ರವನ್ನು ಜಿಲ್ಲೆಗಳಿಗೆ ಮುಟ್ಟಿಸಿದವು.

ಕರ್ನಾಟಕದಲ್ಲಿ 1969ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಮೀನುಗಾರಿಕಾ ಮಹಾವಿದ್ಯಾಲಯ ದೇಶದಲ್ಲಿ ಆ ಬಗೆಯ ಮೊದಲನೆಯದು. ಮುಂದೆ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಆಶ್ರಯದಲ್ಲಿ ವಿಜಯಪುರದ ಸಮೀಪದ ಭೂತನಾಳದಲ್ಲಿ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಕಾರ್ಯನಿರತವಾದುದು ಒಣನಾಡಿನ ಮೀನು ಕೃಷಿಗೆ ದೊರೆತ ವಿದ್ಯಾಬೆಂಬಲವಾಗಿದೆ.

ಅಣೆಕಟ್ಟುಗಳು ಮತ್ತು ಹೊಸ ನೀರು

ಈ ನಾಲ್ಕು ತಾಲ್ಲೂಕುಗಳ ನೀರಿನ ಚರಿತ್ರೆಯನ್ನು ಎರಡಾಗಿ ಸೀಳಿದ್ದು ಕೃಷ್ಣಾ ಮೇಲ್ದಂಡೆ ಯೋಜನೆ. ಅಂದಿನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ 1964ರ ಮೇ 22ರಂದು, ಆಗ ಕೇಂದ್ರ ಸಚಿವರಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರೇ ಇದಕ್ಕೆ ಅಡಿಗಲ್ಲಿಟ್ಟರು. ಕೆಳಭಾಗದ ನಾರಾಯಣಪುರ ಅಣೆಕಟ್ಟಿನಿಂದ 1982ರಲ್ಲಿ ಕಾಲುವೆಗೆ ನೀರು ಹರಿಯಿತು. ಅದರ ಜಲಾಶಯಕ್ಕೆ ಬಸವಸಾಗರವೆಂಬ ಹೆಸರಿದ್ದು, ಮುದ್ದೇಬಿಹಾಳ ಸೀಮೆಯ ಹೊಳೆದಂಡೆ ಅದರ ಹಿನ್ನೀರಿನ ಅಂಚಾಯಿತು. ಎಡದಂಡೆ ಕಾಲುವೆಯ ಇಂಡಿ ಶಾಖೆ ಸಿಂದಗಿ, ಇಂಡಿಗಳ ಕಡೆಗೆ ನೀರನ್ನು ಒಯ್ದಿತು. ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರವನ್ನು 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದರು. 519.6 ಮೀಟರ್ ಮಟ್ಟದಲ್ಲಿ ಸುಮಾರು 123 ಟಿ.ಎಂ.ಸಿ. ನೀರನ್ನು ಹಿಡಿಯುವ ಈ ಜಲಾಶಯ ಕೃಷ್ಣೆಯ ಎರಡೂ ದಂಡೆಯ ಹಲವಾರು ಊರುಗಳನ್ನು, ಫಲವತ್ತಾದ ಹೊಳೆಸಾಲಿನ ಹೊಲಗಳನ್ನು ಮುಳುಗಿಸಿತು. ಹಳೆಯ ಕೊಲ್ಹಾರ ಮೇಲಕ್ಕೆ ಸರಿಯಬೇಕಾಯಿತು. ಬಾಗಲಕೋಟೆಯ ದೊಡ್ಡ ಭಾಗ ನವನಗರಕ್ಕೆ ಹೋಯಿತು.

ಮೀನಿನ ದೃಷ್ಟಿಯಿಂದ ಇದು ಎರಡು ಬಗೆಯ ಪರಿಣಾಮವನ್ನು ಬೀರಿತು. ಮೊದಲನೆಯದಾಗಿ, ಹರಿಯುವ ಹೊಳೆ ನಿಂತ ಸಾಗರವಾಯಿತು. ಮಳೆಗಾಲದ ಹೊಸ ನೀರಿಗೆ ಎದುರೇರಿ ಮೊಟ್ಟೆಯಿಡುತ್ತಿದ್ದ ದೇಸಿ ಗೆಂಡೆಗಳ ದಾರಿಗೆ ಕಟ್ಟೆ ಅಡ್ಡ ಬಂದಿತು. ಭೀಮೆಯ ಮೇಲಣ ಉಜನಿ ಅಣೆಕಟ್ಟು ಮತ್ತು ಕೆಳಗಿನ ಬ್ಯಾರೇಜುಗಳು ಇಂಡಿ, ಸಿಂದಗಿಗಳ ಹೊಳೆಗೂ ಇದೇ ಸ್ಥಿತಿಯನ್ನು ತಂದವು. ಮಡುವುಗಳ ಹಳೆಯ ಲೆಕ್ಕ ತಪ್ಪಿತು. ಎರಡನೆಯದಾಗಿ, ಹಿಂದೆಂದೂ ಇಲ್ಲದಷ್ಟು ವಿಸ್ತಾರವಾದ ನೀರು ಕೈಗೆ ಬಂದಿತು. ಆ ನೀರಿಗೆ ಬಿತ್ತನೆ ಹಾಕಿ ಮೀನಿನ ಫಸಲನ್ನು ತೆಗೆಯಬಹುದೆಂಬ ಆಡಳಿತ ಚಿಂತನೆ ಬೆಳೆಯಿತು. ಅಣೆಕಟ್ಟಿನ ಮಗ್ಗುಲಲ್ಲಿ ಮೀನುಮರಿ ಪಾಲನೆ, ಜಲಾಶಯಕ್ಕೆ ಕಾಟ್ಲಾ, ರೋಹು ಮರಿಗಳ ಬಿತ್ತನೆ, ಮೀನುಗಾರರಿಗೆ ಪರವಾನಗಿ, ಹೀಗೆ ಹೊಸದೊಂದು ವ್ಯವಸ್ಥೆ ರೂಪುಗೊಂಡಿತು.

ಆದರೆ ವಿಸ್ತಾರವೇ ಸಮೃದ್ಧಿಯಲ್ಲ. ವಿ.ವಿ. ಸುಗುಣನ್ ಅವರು 1995ರಲ್ಲಿ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ಸಿದ್ಧಪಡಿಸಿದ ಭಾರತದ ಜಲಾಶಯಗಳ ಸಮೀಕ್ಷೆಯ ಪ್ರಕಾರ ವಾರ್ಷಿಕ ಸರಾಸರಿ ಇಳುವರಿ ಸಣ್ಣ ಜಲಾಶಯಗಳಲ್ಲಿ ಹೆಕ್ಟೇರಿಗೆ ಸುಮಾರು 50 ಕಿಲೊ ಇದ್ದರೆ, ಮಧ್ಯಮ ಹಾಗೂ ದೊಡ್ಡ ಜಲಾಶಯಗಳಲ್ಲಿ 11ರಿಂದ 12 ಕಿಲೊ ಮಾತ್ರ. ಕಾರಣಗಳು ಸ್ಪಷ್ಟವಾಗಿವೆ. ಬೆರಳುದ್ದವೂ ಆಗದ ಮರಿಗಳನ್ನು ಬಿಟ್ಟರೆ ಬಾಳೆ, ಕೊರವದಂತಹ ಬೇಟೆಗಾರ ಮೀನುಗಳಿಗೆ ಅವು ಆಹಾರವಾಗುತ್ತವೆ. ನೀರಾವರಿಗಾಗಿ ನೀರನ್ನು ಇಳಿಸಿದಂತೆ ಮೀನಿನ ಆಹಾರ ಬೆಳೆಯುವ ದಂಡೆ ಒಣಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಣ್ಣ ಕಣ್ಣಿನ ಬಲೆಗಳು ಬೆಳೆಯುವ ಮುನ್ನವೇ ಮರಿಗಳನ್ನು ಎತ್ತಿಬಿಡುತ್ತವೆ. ದಿನದ ಕೂಲಿಗೆ ಹೊಳೆಯನ್ನೇ ನಂಬಿದವನಿಗೆ ಮುಂದಿನ ವರ್ಷದ ಫಸಲಿಗಾಗಿ ಕಾಯುವ ಶಕ್ತಿಯಿಲ್ಲದಿರುವುದು ಇದರ ಮೂಲ. ಇದನ್ನು ಕೇವಲ ಅಜ್ಞಾನವೆಂದು ಬಗೆಯುವುದು ಸಲ್ಲದು.

ಕೆರೆಯ ಗುತ್ತಿಗೆ

ಕೆರೆಗಳ ಕಥೆ ತುಸು ಬೇರೆ. ಕೆರೆಯ ಮೀನಿನ ಹಕ್ಕು ಹರಾಜು ಮತ್ತು ಗುತ್ತಿಗೆಗಳ ಮೂಲಕ ಹಣದ ಲೆಕ್ಕಕ್ಕೆ ಬಂದಿತು. ದೊಡ್ಡ ಕೆರೆಗಳು ಇಲಾಖೆಯ ಮೂಲಕ, ಸಣ್ಣ ಕೆರೆಗಳು ಪಂಚಾಯತಿಗಳ ಮೂಲಕ ಗುತ್ತಿಗೆಗೆ ಹೋಗುವ ಪದ್ಧತಿ ನೆಲೆಗೊಂಡಿತು. ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆಯೆಂಬುದು ನೀತಿಯಾಗಿದೆ. 1996ರ ಹೆಸರಿನ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮವು 2003ರ 27ನೆಯ ಕಾಯ್ದೆಯಾಗಿ ಬಂದು ಪರವಾನಗಿ, ಗುತ್ತಿಗೆ, ನಿಷಿದ್ಧ ಸಾಧನಗಳ ಬಗೆಗೆ ಚೌಕಟ್ಟನ್ನು ಒದಗಿಸಿತು.

ಗುತ್ತಿಗೆಯ ಪದ್ಧತಿಗೆ ತನ್ನದೇ ತರ್ಕವಿದೆ. ಕೆರೆ ಐದು ವರ್ಷ ತನ್ನದೆಂಬ ಭರವಸೆಯಿದ್ದರೆ ಮಾತ್ರ ಗುತ್ತಿಗೆದಾರ ಬಿತ್ತನೆಗೆ ಹಣ ಹಾಕುತ್ತಾನೆ. ಆದರೆ ಒಣನಾಡಿನಲ್ಲಿ ಐದು ವರ್ಷಗಳಲ್ಲಿ ಎರಡು ವರ್ಷ ಕೆರೆ ತುಂಬದಿರುವುದು ಅಪರೂಪವಲ್ಲ. ನಷ್ಟವನ್ನು ತಾಳಿಕೊಳ್ಳಬಲ್ಲ ಬಂಡವಾಳ ಇರುವವನ ಕಡೆಗೇ ಇಂತಹ ವ್ಯವಸ್ಥೆ ವಾಲುತ್ತದೆ. ಸಂಘದ ಹೆಸರು ಮುಂದಿದ್ದು ಹಣ ಬೇರೊಬ್ಬನದಾದಾಗ, ಬಲೆ ಹಾಕುವವನು ತನ್ನ ಊರ ಕೆರೆಯಲ್ಲಿಯೇ ಕೂಲಿಯಾಗುತ್ತಾನೆ. ಹಿಂದಿನ ಅಂಬಿಗನಿಗೆ ಹೊಳೆಯ ಮೇಲೆ ಕಾಗದದ ಹಕ್ಕು ಇರಲಿಲ್ಲ, ರೂಢಿಯ ಹಕ್ಕಿತ್ತು. ಇಂದಿನವನಿಗೆ ಕಾಗದದ ಆದ್ಯತೆಯಿದೆ. ಅದನ್ನು ಬಳಸಿಕೊಳ್ಳುವ ಬಂಡವಾಳ ದೊರೆತಾಗ ಮಾತ್ರ ಆ ಆದ್ಯತೆ ಹಕ್ಕಾಗುತ್ತದೆ.

ಏತ ನೀರಾವರಿ ಮತ್ತು ಕೃಷಿಹೊಂಡ

2010ರ ದಶಕದಲ್ಲಿ ಎರಡು ಬೆಳವಣಿಗೆಗಳು ಈ ಪರಿಸ್ಥಿತಿಯನ್ನು ಬದಲಿಸತೊಡಗಿದವು. ಮುಳವಾಡ, ಚಿಮ್ಮಲಗಿ ಮೊದಲಾದ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರನ್ನು ಎತ್ತಿ ಕೆರೆಗಳಿಗೆ ತುಂಬಿಸುವ ಕಾರ್ಯ ನಡೆಯಿತು. ಮಳೆಯನ್ನೇ ನಂಬಿದ್ದ ಕೆರೆಗಳಲ್ಲಿ ಹೆಚ್ಚು ಕಾಲ ನೀರು ನಿಲ್ಲತೊಡಗಿದಾಗ ಎಂಟು-ಹತ್ತು ತಿಂಗಳ ಮೀನಿನ ಫಸಲು ಸಾಧ್ಯವಾಯಿತು. ಇದರೊಡನೆ 2014ರಲ್ಲಿ ರಾಜ್ಯ ಸರಕಾರ ಆರಂಭಿಸಿದ ಕೃಷಿಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಸಿನ ಕೃಷಿಹೊಂಡಗಳು ಮೈದಳೆದವು. ನಿಂಬೆಗೆ ಹೆಸರಾದ ಇಂಡಿ ಸೀಮೆಯಲ್ಲಿ, ದ್ರಾಕ್ಷಿ, ದಾಳಿಂಬೆಗಳ ತೋಟಗಳಲ್ಲಿ ಬೇಸಿಗೆಯ ನೀರಿಗಾಗಿ ತೆಗೆದ ಹೊಂಡ ಮೀನಿಗೂ ಮನೆಯಾಗಬಲ್ಲದು. ಮೀನಿನ ತ್ಯಾಜ್ಯ ಬೆರೆತ ನೀರು ಗಿಡಗಳಿಗೆ ಗೊಬ್ಬರವಾಗುವುದು ಇದರ ಇನ್ನೊಂದು ಲಾಭ. ಎರೆಮಣ್ಣಿನ ನಾಡಿನ ತುಸು ಕ್ಷಾರಯುಕ್ತ ನೀರು ಗೆಂಡೆ ಮೀನುಗಳಿಗೆ ಒಗ್ಗುವಂಥದೇ. ನೀರು ಕದಡಿ ಬೆಳಕು ಒಳಗಿಳಿಯದಿರುವುದು ಮತ್ತು ಡೋಣಿ ಸಾಲಿನ ಉಪ್ಪಿನಂಶ ಇಲ್ಲಿಯ ತೊಡಕುಗಳು.

ಇಲ್ಲಿ ಗಮನಿಸಬೇಕಾದ ಸಾಮಾಜಿಕ ಅಂಶವೊಂದಿದೆ. ಕೃಷಿಹೊಂಡವಿರುವುದು ಹೊಲವುಳ್ಳವನ ಬಳಿ. ಆದ್ದರಿಂದ ಮೀನು ಬೆಳೆಸುವ ಹೊಸ ಕೈಗಳು ಒಕ್ಕಲುತನದ ಮನೆಗಳಿಂದ, ಎಷ್ಟೋ ವೇಳೆ ಮೀನನ್ನು ತಿನ್ನದ ಮನೆಗಳಿಂದಲೂ ಬರಬಲ್ಲವು. ಶತಮಾನಗಳ ಕಾಲ ಜಾತಿಯೊಂದಿಗೆ ಅಂಟಿಕೊಂಡಿದ್ದ ಕಾಯಕ ಬೆಳೆಯೊಂದರ ಸ್ವರೂಪವನ್ನು ತಾಳಿದೆ. ಇದನ್ನು ಒಂದು ಬಗೆಯ ಬಿಡುಗಡೆಯೆನ್ನಬಹುದು. ಆದರೆ ಭೂಮಿಯಿಲ್ಲದ ಬಲೆಗಾರನಿಗೆ ಈ ಬೆಳೆಯಲ್ಲಿ ಪಾಲಿಲ್ಲ.

ಜಗತ್ತಿನ ದಾರಿ

1976ರಲ್ಲಿ ಜಪಾನಿನ ಕ್ಯೋಟೊದಲ್ಲಿ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ ನಡೆಸಿದ ಸಮ್ಮೇಳನ ಜಲಕೃಷಿಯನ್ನು ಅಭಿವೃದ್ಧಿಯ ಸಾಧನವೆಂದು ಘೋಷಿಸಿತು. 1980ರ ದಶಕದ ಕೊನೆಯಿಂದ ಕಡಲು ಮತ್ತು ಹೊಳೆಗಳಿಂದ ಹಿಡಿಯುವ ಮೀನಿನ ಪ್ರಮಾಣ ವರ್ಷಕ್ಕೆ ಸುಮಾರು 9 ಕೋಟಿ ಟನ್ನಿನ ಆಸುಪಾಸಿನಲ್ಲಿಯೇ ನಿಂತಿತು. ಹೆಚ್ಚಿದ ಬೇಡಿಕೆಯನ್ನು ಪೂರೈಸಿದ್ದು ಸಾಕಣೆ. ಅದೇ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಸಾಕಿದ ಜಲಚರಗಳ ಉತ್ಪಾದನೆ 9.44 ಕೋಟಿ ಟನ್ ತಲುಪಿ, ಮೊದಲ ಬಾರಿಗೆ ಹಿಡಿದ ಮೀನನ್ನು ಮೀರಿಸಿತು. 2022-23ರಲ್ಲಿ ಭಾರತದ ಒಟ್ಟು ಮೀನು ಉತ್ಪಾದನೆ 175 ಲಕ್ಷ ಟನ್ ದಾಟಿದ್ದು, ಅದರಲ್ಲಿ ಸುಮಾರು ಮುಕ್ಕಾಲು ಪಾಲು ಒಳನಾಡಿನದು. 2006ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ಮೀನುಗಾರಿಕಾ ಅಭಿವೃದ್ಧಿ ಮಂಡಳಿ ಸ್ಥಾಪನೆಗೊಂಡಿತು. 2020ರಲ್ಲಿ 20,050 ಕೋಟಿ ರೂಪಾಯಿಗಳ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆ ಆರಂಭವಾಯಿತು.

ಈ ಬೆಳವಣಿಗೆ ಕಲಿಸಿದ ಪಾಠಗಳೂ ಉಂಟು. ಕರಾವಳಿಯ ಸಿಗಡಿ ಕೃಷಿ 1990ರ ದಶಕದ ಮಧ್ಯದಲ್ಲಿ ಬಿಳಿಚುಕ್ಕೆ ರೋಗಕ್ಕೆ ತುತ್ತಾಯಿತು. ಅದರ ಪರಿಸರ ಹಾನಿಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯ 1996ರ ಡಿಸೆಂಬರ್ 11ರಂದು ಮಹತ್ವದ ತೀರ್ಪನ್ನು ನೀಡಿತು. ನೆರೆಯ ಆಂಧ್ರದ ಕೊಲ್ಲೇರು ಸರೋವರವನ್ನು ಮೀನಿನ ಹೊಂಡಗಳು ಆಕ್ರಮಿಸಿದ್ದರಿಂದ 2006ರಲ್ಲಿ ಅವುಗಳನ್ನು ಒಡೆಯಬೇಕಾಯಿತು. ಬೇಗ ಬೆಳೆಯುವುದೆಂದು ತಂದ ಆಫ್ರಿಕದ ಕ್ಯಾಟ್‌ಫಿಶ್ ದೇಸಿ ಮೀನುಗಳನ್ನು ನುಂಗುವುದನ್ನು ಕಂಡು 2000ದಲ್ಲಿ ಅದರ ಸಾಕಣೆಯನ್ನು ನಿಷೇಧಿಸಲಾಯಿತು. 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯಾ ಉಜನಿಯಲ್ಲಿ ನೆಲೆಯೂರಿದೆ. 2019ರ ಕೃಷ್ಣಾ ಪ್ರವಾಹ, 2020ರ ಅಕ್ಟೋಬರಿನ ಭೀಮಾ ಪ್ರವಾಹಗಳಂತಹ ಸಂದರ್ಭಗಳಲ್ಲಿ ಹೊಂಡದ ಒಡ್ಡು ಒಡೆದರೆ ಅಲ್ಲಿಯ ಮೀನು ಹೊಳೆಯ ಮೀನಾಗುತ್ತದೆ. ಹೊಂಡಕ್ಕೆ ಏನನ್ನು ತರುತ್ತೇವೆಯೋ ಅದು ಕಡೆಗೊಂದು ದಿನ ಹೊಳೆಗೂ ಸೇರುತ್ತದೆ ಎಂಬುದನ್ನು ಮರೆಯಲಾಗದು.

ಉಪಸಂಹಾರ

ಒಟ್ಟಾರೆ ನೋಡಿದಾಗ, ಈ ನಾಲ್ಕು ತಾಲ್ಲೂಕುಗಳ ಮೀನಿನ ಚರಿತ್ರೆಯಲ್ಲಿ ಮೂರು ಘಟ್ಟಗಳನ್ನು ಗುರುತಿಸಬಹುದು. ಹೊಳೆ ಬಿತ್ತಿ ಮನುಷ್ಯ ಕೊಯ್ದ ದೀರ್ಘಕಾಲ ಮೊದಲನೆಯದು. ಪ್ರಯೋಗಾಲಯದ ಬಿತ್ತನೆ ಹಾಗೂ ಅಣೆಕಟ್ಟಿನ ನೀರು ಒಂದುಗೂಡಿದ 1957ರಿಂದ 2006ರವರೆಗಿನ ಅವಧಿ ಎರಡನೆಯದು. ತುಂಬಿಸಿದ ಕೆರೆ ಮತ್ತು ಕೃಷಿಹೊಂಡಗಳ ಇಂದಿನ ಕಾಲ ಮೂರನೆಯದು. ಪ್ರತಿಯೊಂದು ಘಟ್ಟದಲ್ಲಿಯೂ ಉತ್ಪಾದನೆಯ ಸಾಧ್ಯತೆ ಹಿಗ್ಗಿದೆ. ಅದರ ಜೊತೆಗೇ ಹೊಳೆಯನ್ನು ಬಲ್ಲ ಸಮುದಾಯ ನೀರಿನಿಂದ ಒಂದೊಂದು ಹೆಜ್ಜೆ ದೂರ ಸರಿದಿದೆ. ಸಂಘಗಳಿಗೆ ಸಕಾಲದಲ್ಲಿ ಸಾಲ, ಕೆರೆ ತುಂಬದ ವರ್ಷದಲ್ಲಿ ಗುತ್ತಿಗೆ ಹಣದ ವಿನಾಯಿತಿ, ಜಲಾಶಯಕ್ಕೆ ಬಲಿತ ಮರಿಗಳ ಬಿತ್ತನೆ, ಮೊಟ್ಟೆಯಿಡುವ ಕಾಲದಲ್ಲಿ ಹಿಡಿಯದೆ ಉಳಿಯುವವರಿಗೆ ಆಸರೆ, ದೇಸಿ ಗೆಂಡೆಗಳ ಸಂತತಿಯ ರಕ್ಷಣೆ, ಇವು ಈ ಅಂತರವನ್ನು ತಗ್ಗಿಸುವ ಮಾರ್ಗಗಳು.

ಸುಮಾರು ಒಂಬೈನೂರು ವರ್ಷಗಳ ಹಿಂದೆ ಅರಸನೊಬ್ಬ ಮೀನಿನ ತಿಳಿವನ್ನು ಗ್ರಂಥಕ್ಕೇರಿಸಿದ. ನೂರೆಂಬತ್ತು ವರ್ಷಗಳ ಹಿಂದೆ ಸೈನ್ಯಾಧಿಕಾರಿಯೊಬ್ಬ ಅದನ್ನು ವಿಜ್ಞಾನಕ್ಕೇರಿಸಿದ. ಇಬ್ಬರಿಗೂ ಆ ತಿಳಿವನ್ನು ಒದಗಿಸಿದವರು ಬಲೆ ಹಿಡಿದವರು. ಕೃಷ್ಣಾ-ಭೀಮೆಗಳ ಮಡುವು, ಮೀನು, ಬಲೆಗಳ ಹೆಸರುಗಳನ್ನು ಬಲ್ಲ ಹಿರಿಯರು ಇನ್ನೂ ದಂಡೆಯ ಊರುಗಳಲ್ಲಿದ್ದಾರೆ. ಅವರ ಬಾಯಿಂದಲೇ ಆ ಚರಿತ್ರೆಯನ್ನು, ಈ ಸಲ ಅವರ ಹೆಸರಿನೊಡನೆ, ಬರೆದಿಡುವುದು ಪ್ರಾದೇಶಿಕ ಅಧ್ಯಯನದ ಮುಂದಿರುವ ತುರ್ತಿನ ಕಾರ್ಯವಾಗಿದೆ.